ಒಬ್ಬರೇ ಬಂದ್ರಾ?

ಕಾರವಾರದ ಒಂದು ಲಾಡ್ಜಿನ ಮೇಜಿನ ಹಿಂದೆ ಕೂತಿದ್ದ ಹುಡುಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಒಬ್ಬರೇ ಬಂದ್ರಾ?" ಹೌದು ಎಂದೆ. "ಏನು ಕೆಲಸಕ್ಕೆ?" ಏನೂ ಕೆಲಸವಿಲ್ಲ, ಊರು ನೋಡಲಿಕ್ಕೆ ಎಂದೆ. ಅವನು ನನ್ನ ಗುರುತಿನ ಚೀಟಿಯನ್ನು ತಿರುವಿ ಮುರುವಿ ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಅರ್ಧ ಗಂಟೆಯ ಮೇಲೆ ಕೀಲಿ ಕೊಟ್ಟ. ಐವತ್ತು ದಾಟಿದ, ತಲೆ ಅರ್ಧ ಬೆಳ್ಳಗಾದ ಕನ್ನಡ ಸಾಲೆಯ ಮಾಸ್ತರಿಣಿಯ ಮೇಲೆ ಏನು ಸಂಶಯ ಪಡಬಹುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಇದು 2024ರ ಮೇ ತಿಂಗಳ ಮಾತು. ಲೋಕಸಭೆ ಚುನಾವಣೆಯ ಡ್ಯೂಟಿ 7ಕ್ಕೆ ಮುಗಿದಿತ್ತು, ಸಾಲೆಗೆ ರಜೆ. ಹಾನಗಲ್ಲಿನಿಂದ ಶಿರಸಿ, ಶಿರಸಿಯಿಂದ ಘಟ್ಟ ಇಳಿದು ಕುಮಟಾ, ಅಲ್ಲಿಂದ ಕಾರವಾರ. ಎಲ್ಲ ಕೆಂಪು ಬಸ್ಸು, ಎಲ್ಲ ಶೂನ್ಯ ಟಿಕೀಟು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಹಾಡು. "ಬಸ್ ಫ್ರೀ ಆದ ಮ್ಯಾಲೆ ಹೆಣ್ಮಕ್ಕಳ ಕಾಲು ಮನ್ಯಾಗ ನಿಂದ್ರವಲ್ಲವು ನೋಡ್ರಿ" ಎಂದು ಗಣಿತದ ಮಾಸ್ತರರು ಹೇಳುವುದು, ಉಳಿದವರು ನಗುವುದು. ಮನೆಯಲ್ಲಿ ನಿಲ್ಲಬೇಕಾದ್ದು ಕಾಲಿನ ಧರ್ಮವೆಂದು ಯಾವ ಪುಸ್ತಕದಲ್ಲಿದೆಯೋ. ಅವರ ಕಾಲು ದಿನಾ ಸಂಜೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಎರಡು ತಾಸು ನಿಂತಿರುತ್ತದೆ.

ಸರಕಾರದ ರೊಕ್ಕ ಹೋಗುತ್ತದೆ ಎಂಬ ವಾದ ಸುಳ್ಳಲ್ಲ. ಬಸ್ಸು ಸಾಲದೆ ನಮ್ಮ ಮಕ್ಕಳು ಬಾಗಿಲಿಗೆ ಜೋತು ಬರುವುದನ್ನು ನಾನೂ ನೋಡುತ್ತೇನೆ. ಹಾಗಾದರೆ ಬಸ್ಸು ಹೆಚ್ಚು ಬಿಡಿರಿ ಎಂದು ಕೇಳಬೇಕೇ ಹೊರತು, ಹತ್ತಿದವಳನ್ನು ಹಂಗಿಸುವುದು ಎಲ್ಲಿಯ ನ್ಯಾಯ? "ನೀವು ಪಗಾರದವರು, ಟಿಕೀಟು ತಗೊಂಡ ಹೋಗಬಹುದಿತ್ತಲ್ಲ" ಎಂದೂ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಮೂವತ್ತು ವರ್ಷ ತಗೊಂಡು ಹೋಗಬಹುದಿತ್ತು, ಹೋಗಲಿಲ್ಲ. ರೊಕ್ಕ ಇರಲಿಲ್ಲವೆಂದಲ್ಲ, ನೆವ ಇರಲಿಲ್ಲ. ಸರಕಾರ ನನಗೆ ಕೊಟ್ಟದ್ದು ಬಸ್ಸಿನ ಚಾರ್ಜಲ್ಲ, ಒಂದು ನೆವ.

ನಮ್ಮ ಹೆಣ್ಣುಮಕ್ಕಳು ನಡೆಯದವರೇನಲ್ಲ. ಕೊಡ ಹೊತ್ತು ನಡೆಯುತ್ತಾರೆ, ಬುತ್ತಿ ಹೊತ್ತು ಹೊಲಕ್ಕೆ ನಡೆಯುತ್ತಾರೆ, ಹರಕೆ ಹೊತ್ತು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆಯುತ್ತಾರೆ. ತಲೆಯ ಮೇಲೆ, ಕಂಕುಳಲ್ಲಿ, ಇಲ್ಲವೇ ಮನಸ್ಸಿನಲ್ಲಿ ಏನಾದರೊಂದು ಭಾರವಿದ್ದರೆ ಅವಳನ್ನು ಯಾರೂ ತಡೆಯುವುದಿಲ್ಲ. ಕೈ ಬೀಸಿಕೊಂಡು ಬರಿದೇ ನಡೆದಳೋ, ಆಗ ಎಲ್ಲರ ಕಣ್ಣೂ ಅವಳ ಮೇಲೆ.

ಮರುದಿನ ನಸುಕಿನಲ್ಲೇ ಎದ್ದು ಬೈತಖೋಲದ ಬಂದರದ ಕಡೆಗೆ ಹೆಜ್ಜೆ ಹಾಕಿದೆ. ನಮ್ಮ ಕಡೆ ಬಿಸಿಲು ನೆತ್ತಿಗೆ ಹೊಡೆಯುತ್ತದೆ. ಅಲ್ಲಿಯದು ಸೆಕೆ, ಮೈಗೆ ಅಂಟಿಕೊಳ್ಳುವಂಥದು. ಏಳು ಗಂಟೆಗೇ ಕುಪ್ಪಸ ತೊಯ್ದಿತ್ತು. ಜೂನ್ ಮತ್ತು ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಾದ್ದರಿಂದ, ಮೇ ತಿಂಗಳೆಂದರೆ ಬೋಟಿನವರಿಗೆ ಸುಗ್ಗಿಯ ಕೊನೆ. ಬುಟ್ಟಿ ಇಳಿಸುವವರು, ಮಂಜುಗಡ್ಡೆ ಒಡೆಯುವವರು, ಬಂಗುಡೆಯ ರಾಶಿಯ ಮುಂದೆ ದರ ಕೂಗುವವರು. ಮೀನು ತಿನ್ನದ ಮನೆತನದವಳು ನಾನು. ಮೊದಲ ಹತ್ತು ನಿಮಿಷ ಸೆರಗು ಮೂಗಿಗಿತ್ತು, ಆಮೇಲೆ ಮರೆತೇಹೋಯಿತು.

ಅಲ್ಲಿ ಮೀನು ಮಾರುವ ಹೆಂಗಸೊಬ್ಬಳು ನನ್ನನ್ನು ಕರೆದು ತನ್ನ ಪಕ್ಕದ ಮಣೆ ತೋರಿಸಿದಳು. "ಕೂತ್ಕೊಳ್ಳಿ ಬಾಯಿ, ಯಾವ ಊರು?" ಹಾನಗಲ್ಲು ಎಂದೆ. "ಘಟ್ಟದ ಮೇಲಾ? ಮಳೆ ಆಯ್ತಾ?" ಆ ಇಡೀ ದಿನದಲ್ಲಿ ನಾನು ಒಬ್ಬಳೇ ಏಕೆ ಬಂದೆನೆಂದು ಕೇಳದ ಮನುಷ್ಯಳು ಅವಳೊಬ್ಬಳೇ. ಕೇಳುವ ಪ್ರಶ್ನೆ ಅವಳಿಗೆ ಹೊಳೆದೇ ಇರಲಿಕ್ಕಿಲ್ಲ. ಅವಳು ಬೆಳಗಿನ ಜಾವ ಬಂದರಕ್ಕೆ ಒಬ್ಬಳೇ ಬರುವವಳು.

ಅಲ್ಲಿ ಕೂತು ನೀರು ನೋಡುವಾಗ ನನಗೆ ನಮ್ಮ ಹತ್ತಿಯ ನೆನಪಾಯಿತು. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅದಕ್ಕೇ ಇಂಗ್ಲೆಂಡಿನ ಪೇಟೆಯಲ್ಲಿ ನಮ್ಮ ಹತ್ತಿಗೆ 'ಕುಮಟಾ' ಎಂದೇ ಹೆಸರು. 1861ರಿಂದ 65ರವರೆಗೆ ಅಮೆರಿಕದಲ್ಲಿ ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯದಕ್ಕೆ ಬಂಗಾರದ ಬೆಲೆ ಬಂತು. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಇಲಾಖೆಗೆ ಸೇರಿಸಿದರು, ಕಾರವಾರವನ್ನು ದೊಡ್ಡ ಬಂದರ ಮಾಡುವ ಮಾತು ನಡೆಯಿತು. 1880ರ ದಶಕದ ಕೊನೆಗೆ ರೈಲು ಗೋವೆಯ ಮರ್ಮಗೋವೆಗೆ ಹೋಯಿತು. ಹತ್ತಿ ರೈಲು ಹತ್ತಿತು, ಈ ಬಂದರಗಳು ಬಡವಾದವು. ಇದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ಹತ್ತಿ ಬಿಡಿಸಿದವರು ಯಾರು ಎಂಬುದು ಆ ದಿನ ತಲೆಗೆ ಬಂತು. ಅಂದೂ ಇಂದೂ ಹೊಲದಲ್ಲಿ ಬಾಗಿ ಹತ್ತಿ ಬಿಡಿಸುವ ಕೈ ಹೆಣ್ಣುಮಕ್ಕಳದು. ಚಕ್ಕಡಿ ಹೊಡೆದವರು ಸಮುದ್ರ ನೋಡಿ ಬಂದರು. ಬಿಡಿಸಿದವಳ ಹತ್ತಿ ಲಿವರ್‌ಪೂಲಿಗೆ ಹೋಯಿತು, ಅವಳು ಊರ ಅಗಸಿಯೊಳಗೇ ಉಳಿದಳು. ಸವಣೂರಿನ ಮಠದ ದೊಡ್ಡಹುಣಸೆ ಮರಗಳ ಮೂಲ ಆಫ್ರಿಕಾ. ಮರಕ್ಕೂ ಕಡಲು ದಾಟುವ ಯೋಗ ಕೂಡಿಬಂತು!

ಹನ್ನೊಂದಕ್ಕೆ ಟಾಗೋರ್ ಕಡಲತೀರಕ್ಕೆ ಬಂದೆ. ಯುದ್ಧನೌಕೆಯ ಮ್ಯೂಸಿಯಮ್ಮಿನ ನೆರಳಲ್ಲಿ ಸಂಸಾರಗಳು ಫೋಟೋ ತೆಗೆಸಿಕೊಳ್ಳುತ್ತಿದ್ದವು. 1883ರಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಹತ್ತಿರ ಬಂದಿದ್ದರು. ಇಪ್ಪತ್ತೆರಡರ ತರುಣ, ಕೆಲಸವಿಲ್ಲ ಬೊಗಸೆಯಿಲ್ಲ. ಕಾಳಿ ನದಿಯಲ್ಲಿ ದೋಣಿ ಹೋದರು, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದರು, ಒಂದು ನಾಟಕ ಬರೆದರು. ಕೆಲಸವಿಲ್ಲದೆ ತಿರುಗಿದ್ದಕ್ಕೆ ಊರು ಅವರ ಹೆಸರನ್ನು ದಂಡೆಗಿಟ್ಟಿತು. ನನಗೆ ಸಿಕ್ಕದ್ದು ಕಾವಲುಗಾರನ ಪ್ರಶ್ನೆ: "ಯಾರಾದ್ರೂ ಬರೋದಿದೆಯಾ ಮೇಡಂ?" ನೆರಳಿನ ಕಲ್ಲುಬೆಂಚಿನಲ್ಲಿ ಒಬ್ಬಳೇ ಒಂದು ತಾಸು ಕೂತದ್ದಕ್ಕೆ.

ಟಾಗೋರರು ದೂರದವರಾದರು. ನಮ್ಮ ತಾಲೂಕುಗಳನ್ನೇ ನೋಡಿರಿ. ನಾನು ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹಾನಗಲ್ಲು ನಾಲ್ಕರಲ್ಲೂ ನೌಕರಿ ಮಾಡಿದವಳು. ಬಾಡದ ಕನಕದಾಸರು ತಿರುಗಿದರು. ಶಿಶುನಾಳದ ಶರೀಫಸಾಹೇಬರು ನನ್ನಂತೆಯೇ ಸಾಲೆ ಮಾಸ್ತರಿಕೆ ಮಾಡಿದವರು, ಅದನ್ನು ಬಿಟ್ಟು ತಿರುಗಿದರು. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂದು ಹಿರೇಕೆರೂರು ಕಡೆ ಇನ್ನೂ ವಾದಿಸುತ್ತಾರೆ. ಅವನು ಊರೂರು ತಿರುಗಿದ ಎಂಬುದರಲ್ಲಿ ವಾದವಿಲ್ಲ. ಮೂವರ ಜಯಂತಿಗೂ ನಾವು ಮಕ್ಕಳಿಗೆ ಭಾಷಣ ಬರೆದುಕೊಡುತ್ತೇವೆ. ಹಿರೇಕೆರೂರು ದಾಟಿದರೆ ಶಿಕಾರಿಪುರ ಸೀಮೆ, ಅಲ್ಲಿ ಅಕ್ಕಮಹಾದೇವಿಯ ಉಡುತಡಿ. ಒಬ್ಬಳೇ ಶ್ರೀಶೈಲದವರೆಗೆ ನಡೆದವಳು ಅವಳು. ಅವಳನ್ನು ಕೈಮುಗಿದು ಕಟ್ಟೆಯ ಮೇಲೆ ಕೂಡಿಸಿದ್ದೇವೆ, ನಮ್ಮ ಹುಡುಗಿಯರು ಅವಳ ಹಿಂದೆ ನಡೆಯಬಾರದೆಂದು.

"ಕಾಲ ಕೆಟ್ಟದ್ದು ಅಕ್ಕೋರ, ನಿಮ್ಮ ಒಳ್ಳೇದಕ್ಕ ಹೇಳತೀವಿ" ಎನ್ನುವವರುಂಟು. ಅವರ ಕಾಳಜಿ ಖೊಟ್ಟಿ ಎನ್ನುವುದಿಲ್ಲ. ಆದರೆ ನನ್ನನ್ನು ಆ ದಿನ ಕಾಡಿದ್ದು ಯಾವ ಪುಂಡನೂ ಅಲ್ಲ. ದಂಡೆಯಿಂದ ಊರವರೆಗೆ ಹೆಂಗಸರು ನಿರ್ಧಾಸ್ತಿಯಾಗಿ ಹೋಗಬಹುದಾದ ಒಂದು ಪಾಯಖಾನೆ ನನಗೆ ಕಾಣಿಸಲಿಲ್ಲ. ನೀರು ಕುಡಿಯದೆ ಊರು ತಿರುಗುವ ವಿದ್ಯೆ ನಮ್ಮ ಜಾತಿಗೆ ತಾಯಿಯಿಂದ ಬಂದದ್ದು; ಮೇ ತಿಂಗಳ ಸೆಕೆಯಲ್ಲಿ ಆ ವಿದ್ಯೆ ತಲೆ ತಿರುಗಿಸುತ್ತದೆ. ಕಾಳಜಿಯಿದ್ದವರು ಅಲ್ಲಿಂದ ಶುರುಮಾಡಲಿ. ಕೊನೆಗೆ ಲಾಡ್ಜಿಗೆ ಹೋಗಿ ಮತ್ತೆ ಹೊರಬಿದ್ದೆ.

ಸಂಜೆ ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವುದನ್ನು ನೋಡುತ್ತ ನಿಂತೆ. ಆಚೆ ದಂಡೆಯಲ್ಲಿ ಸದಾಶಿವಗಡ, ನಡುವೆ ಎರಡು ಸೇತುವೆ, ಹಳೆಯದೊಂದು ಹೊಸದೊಂದು. ಹಳೆಯದರ ಮೇಲೆ ಲಾರಿಗಳು ಸಾಲುಗಟ್ಟಿದ್ದವು. ಅದೇ ಸೇತುವೆ ಆ ವರ್ಷ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿತ್ತು. ಚಾಲಕ ಪುಣ್ಯಕ್ಕೆ ಬದುಕಿದ. ಪೇಪರಿನಲ್ಲಿ ಫೋಟೋ ಬಂದಾಗ ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿದ್ದ ಕಣ್ಣು ನನ್ನದೊಂದೇ. ಗಣಿತದ ಮಾಸ್ತರರು ಅಂದು ಹತ್ತಿರ ಬಂದು, ಅದು ಎಷ್ಟು ಉದ್ದ ಇತ್ತು, ನೀರು ಎಷ್ಟು ಆಳ ಎಂದೆಲ್ಲ ಕೇಳಿದರು. ಹೇಳಿದೆ. ಆಮೇಲೆ ತಡೆಯಲಾರದೆ, "ಅಲ್ರೀ ಟೀಚರ್, ಏನ್ ಕೆಲಸ ಇತ್ತು ನಿಮಗ ಅಲ್ಲಿ?" ಎಂದರು.

ಬರುವಾಗ ಅಂಕೋಲೆಯಲ್ಲಿ ಕರಿ ಈಶಾಡ ಮಾವು ಕೊಂಡೆ. ಆಪೂಸು ಬೆಳೆಯುವ ಹಾನಗಲ್ಲಿಗೆ ಹೊರಗಿನಿಂದ ಮಾವು ತಂದದ್ದಕ್ಕೆ ಓಣಿಯವರೆಲ್ಲ ನಕ್ಕರು, ತಿಂದು ಸುಮ್ಮನಾದರು. ನಮ್ಮ ಹಿತ್ತಲ ಆಚೆಯ ಮನೆಯವಳು, ಹೊಲಗೆಲಸದ ಹೆಣ್ಣುಮಗಳು, ಸಮುದ್ರ ಹೇಗಿದೆ ಎಂದು ಬಿಡಿಸಿ ಬಿಡಿಸಿ ಕೇಳಿದಳು. ನೀರು ಮುಗಿಯುವುದು ಕಾಣುತ್ತದೋ ಇಲ್ಲವೋ, ರಾತ್ರಿಯೂ ಸಪ್ಪಳ ಮಾಡುತ್ತದೋ. ಗೊರಟೆ ಚೀಪುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಹೇಳಿದಳು: "ಅಕ್ಕೋರ, ಮುಂದಿನ ಸಲ ಹೋಗೂಮುಂದ ನನಗೂ ಹೇಳ್ರಿ. ಗೋಕರ್ಣಕ್ಕ ಹೊಂಟೀನಿ ಅಂತ ಮನ್ಯಾಗ ಹೇಳಿ ಬರತೀನಿ."