ದುಡ್ಡು ಕೊಟ್ಟ ಮೇಲೆ ಷರತ್ತು ಬದಲಾದರೆ?

ಸ್ಟಾಕ್‌ಹೋಮ್‌ನ ಆ್ಯರೋಹೆಡ್ 2024ರಲ್ಲಿ ಸುಮಾರು ನೂರು ಜನರ ಗೇಮ್ ಸ್ಟುಡಿಯೊ ಆಗಿತ್ತು. ಎಂಟು ವರ್ಷದ ಹತ್ತಿರ ಕೆಲಸ ಮಾಡಿ, 2024ರ ಫೆಬ್ರವರಿಯಲ್ಲಿ 'ಹೆಲ್‌ಡೈವರ್ಸ್ 2' ಬಿಡುಗಡೆ ಮಾಡಿತು. 12 ವಾರದಲ್ಲಿ 1.2 ಕೋಟಿ ಪ್ರತಿ ಮಾರಾಟವಾಯ್ತು. ಅಷ್ಟು ಜನ ಬರ್ತಾರೆ ಅಂತ ಸ್ಟುಡಿಯೊ ಅಂದುಕೊಂಡೇ ಇರಲಿಲ್ಲ. ಸರ್ವರ್‌ಗಳು ಕೈಕೊಟ್ಟವು, ದುಡ್ಡು ಕೊಟ್ಟವರೂ ಹೊರಗೇ ಕಾದರು. ಬೈದರು, ಆದರೆ ಬಿಟ್ಟುಹೋಗಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಅದೇ ಜನ ತಿರುಗಿಬಿದ್ದರು.

ಮೇ 3ರಂದು ಪ್ರಕಾಶಕ ಸೋನಿ ಒಂದು ಪ್ರಕಟಣೆ ಹೊರಡಿಸಿತು. ಸ್ಟೀಮ್‌ನಲ್ಲಿ ಆಟ ಕೊಂಡವರೆಲ್ಲ ಜೂನ್ 4ರೊಳಗೆ ಪ್ಲೇಸ್ಟೇಷನ್ ನೆಟ್‌ವರ್ಕ್ ಖಾತೆಗೆ ಲಿಂಕ್ ಆಗಲೇಬೇಕು. ಕೊಟ್ಟ ಕಾರಣ ಆಟಗಾರರ ಸುರಕ್ಷತೆ. ಷರತ್ತು ಮೊದಲಿಂದಲೂ ಸ್ಟೀಮ್ ಪುಟದಲ್ಲಿತ್ತು ನಿಜ. ಆದರೆ ಬಿಡುಗಡೆಯ ಗದ್ದಲದಲ್ಲಿ ಅದನ್ನು ಸಡಿಲಿಸಿದ್ದರು. ಹಾಗೆ ಸಡಿಲಿಸಿದ್ದು ತನ್ನದೇ ನಿರ್ಧಾರ, ಕಡ್ಡಾಯವಾಗುತ್ತೆ ಅಂತ ಮೊದಲೇ ಗೊತ್ತಿತ್ತು ಎಂದು ಆಗಿನ ಸಿಇಒ ಯೋಹಾನ್ ಪಿಲೆಸ್ಟೆಡ್ ಬಹಿರಂಗವಾಗಿ ಒಪ್ಪಿಕೊಂಡರು.

ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ, ಲಾಗಿನ್ ಪರದೆ ಅಂದರೆ ಇನ್ನೊಂದು ಫಾರ್ಮ್ ಅಷ್ಟೇ ಅನ್ನುವ ವಾದ ಚೆನ್ನಾಗಿ ಗೊತ್ತು. ಭಾರತದಲ್ಲಿ ಸೋನಿಯ ಆ ಸೇವೆ ಇದೆ, ನಮಗೆ ಅದು ನಿಜಕ್ಕೂ ಇನ್ನೊಂದು ಪಾಸ್‌ವರ್ಡ್ ಅಷ್ಟೇ. ಫಿಲಿಪೈನ್ಸ್, ಎಸ್ಟೋನಿಯಾ, ಲಾಟ್ವಿಯಾದಲ್ಲಿ ಆ ಸೇವೆಯೇ ಇರಲಿಲ್ಲ. ಅಲ್ಲಿನವರು ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಆಟಕ್ಕೆ ನ್ಯಾಯವಾದ ದಾರಿಯಲ್ಲಿ ಲಾಗಿನ್ ಆಗುವ ಹಾಗೇ ಇರಲಿಲ್ಲ. ಸ್ಟೀಮ್‌ನಲ್ಲಿ 177 ದೇಶ-ಪ್ರದೇಶಗಳಲ್ಲಿ ಮಾರಾಟವೇ ನಿಂತಿತು.

ಎರಡು ಲಕ್ಷಕ್ಕೂ ಹೆಚ್ಚು ನೆಗೆಟಿವ್ ರಿವ್ಯೂ ಬಿದ್ದವು. ಜನ ರೀಫಂಡ್ ಕೇಳಿದರು. ಖಾತೆಯೇ ಸಿಗದ ದೇಶದವರಿಗಾಗಿ, ಖಾತೆ ಇದ್ದವರೂ ದನಿ ಎತ್ತಿದರು. ಮೂರು ದಿನದಲ್ಲಿ ಸೋನಿ ಹಿಂದೆ ಸರಿಯಿತು. 'ನಿಯಂತ್ರಿತ ಪ್ರಜಾಪ್ರಭುತ್ವ'ದ ಹೆಸರಲ್ಲಿ ಯುದ್ಧಕ್ಕೆ ಹೋಗುವ ಸೈನಿಕರನ್ನು ಅಣಕಿಸುವ ಆಟ ಇದು. ಆಟದ ಹೊರಗೆ ಅದೇ ಆಟಗಾರರು ಅಸಲಿ ಪ್ರಜಾಪ್ರಭುತ್ವ ಮಾಡಿ ತೋರಿಸಿದರು.

ಆದರೆ ಇದನ್ನು ಪೂರ್ತಿ ಗೆಲುವು ಅಂತ ನಾನು ಕರೆಯಲ್ಲ. ಕಡ್ಡಾಯ ಹೋಯ್ತು, ಮಾರಾಟದ ನಿರ್ಬಂಧ ಆಗಲೇ ತೆರವಾಗಲಿಲ್ಲ. ಅದೇ ತಿಂಗಳು 'ಗೋಸ್ಟ್ ಆಫ್ ಸುಶಿಮಾ'ದ ಪಿಸಿ ಆವೃತ್ತಿಯನ್ನೂ ಆ ದೇಶಗಳಲ್ಲಿ ಮಾರಾಟದಿಂದ ತೆಗೆದರು. ಕೆಲವು ಪಿಸಿ ಆಟಗಳಿಗೆ ಖಾತೆ ಐಚ್ಛಿಕ ಎಂದು ಸೋನಿ ಹೇಳಿದ್ದು 2025ರ ಜನವರಿಯಲ್ಲಿ.

ಇನ್ನೊಂದು ವಿಷಯ. ಆಟಗಾರರ ಕೋಪ ಎಲ್ಲ ಒಂದೇ ಅಲ್ಲ. 2024ರ ಆಗಸ್ಟ್‌ನಲ್ಲಿ ಮತ್ತೆ ಜಗಳ ಎದ್ದಿತು. ಈ ಸಲ ಸೋನಿಯ ಪಾತ್ರ ಇರಲಿಲ್ಲ. ಫ್ಲೇಮ್‌ಥ್ರೋವರ್ ಸೇರಿ ಕೆಲವು ಆಯುಧಗಳ ಬಲ ಕಡಿಮೆ ಮಾಡಿದ್ದಕ್ಕೆ ಸಿಟ್ಟು. ಸ್ಟುಡಿಯೊ 60 ದಿನಗಳ ಯೋಜನೆ ಘೋಷಿಸಿ, ಸೆಪ್ಟೆಂಬರ್‌ನಲ್ಲಿ ಆಯುಧಗಳಿಗೆ ಬಲ ತುಂಬಿತು. ಒಳ್ಳೆಯದೇ. ಆದರೂ ಬಂದೂಕು ಎಷ್ಟು ಜೋರಾಗಿರಬೇಕು ಅನ್ನೋದು ರುಚಿಯ ವಿಚಾರ. ಅಲ್ಲಿ ತಯಾರಕರು 'ಇಲ್ಲ' ಅನ್ನಬಹುದು. ಕೊಂಡ ವಸ್ತು ಕೈತಪ್ಪೋದು ಹಕ್ಕಿನ ವಿಚಾರ. ಎರಡಕ್ಕೂ ಒಂದೇ ದನಿಯಲ್ಲಿ ಕಿರುಚಿದರೆ ಎರಡನೆಯದಕ್ಕೆ ಬೆಲೆ ಇರಲ್ಲ.

ಸ್ಟುಡಿಯೊ ದೊಡ್ಡದಾದ ಮೇಲೆ ದುರಾಸೆ ಬಂತು ಅನ್ನೋದು ಸುಲಭದ ವಿವರಣೆ. ನನ್ನ ಪ್ರಕಾರ ಪ್ರಶ್ನೆ ಕರಾರಿನದು. ಆ್ಯರೋಹೆಡ್ ಸ್ವತಂತ್ರ ಸಂಸ್ಥೆ, ಆದರೆ ಹೆಲ್‌ಡೈವರ್ಸ್ ಹೆಸರು ಸೋನಿಯದು. ಸರ್ವರ್ ಬಿದ್ದರೆ ಬೈಗುಳ ಸ್ಟಾಕ್‌ಹೋಮ್‌ಗೆ, ಖಾತೆಯ ತೀರ್ಮಾನ ಪ್ರಕಾಶಕರ ಮೇಜಿನಲ್ಲಿ. ಆಟಗಾರರಿಗೆ ಮಾತು ಕೊಡೋರು ಒಬ್ಬರು, ಅದನ್ನು ಮುರಿಯುವ ಅಧಿಕಾರ ಇನ್ನೊಬ್ಬರದು.

ಎಲ್ಲ ಆಟದ ಹಿಂದೆಯೂ ಎರಡು ಲಕ್ಷ ಜನ ನಿಲ್ಲಲ್ಲ. ಸಾವಿರ ಜನ ಆಡುವ ಆಟಕ್ಕೆ ಹೀಗಾದರೆ ಸುದ್ದಿಯೂ ಆಗಲ್ಲ. ಮಾರಿದ ಮೇಲೆ ಷರತ್ತು ಬದಲಿಸಿ ಆಟವನ್ನೇ ಮುಚ್ಚಿದರೆ ಪೂರ್ತಿ ಹಣ ವಾಪಸ್ ಅನ್ನುವ ನಿಯಮ ಬೇಕು, ಆಡಿದ ಗಂಟೆಗಳ ಲೆಕ್ಕ ಇಲ್ಲದೆ. ರಿವ್ಯೂ ಬರೆದು ಗೆದ್ದಿದ್ದು ಒಂದು ಸಲ. ಹಕ್ಕು ಇದ್ದರೆ ಪ್ರತಿ ಸಲ ಗೆಲ್ಲೋ ಅಗತ್ಯವೇ ಇರಲ್ಲ.