ಮಕ್ಕಳ ಸಂಖ್ಯೆಗೆ ಮಿತಿ ಹಾಕಿದರೆ ಶಾಲಾ ವ್ಯಾನಿನ ಬಾಡಿಗೆ ಡಬಲ್ ಆಗುತ್ತದೆಯೇ?

2016ರ ಜೂನ್ 21ರಂದು ಕುಂದಾಪುರ ತಾಲೂಕಿನ ತ್ರಾಸಿ ಬಳಿ ಶಾಲಾ ಮಕ್ಕಳಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಇಂಥ ದುರಂತದ ನಂತರ ನಿಯಮ ಬಿಗಿ ಮಾಡುವ ಮಾತು ಬಂದರೆ ಸಾಕು, "ಬಾಡಿಗೆ ಡಬಲ್ ಆಗುತ್ತೆ" ಎಂಬ ಮಾತೂ ಜೊತೆಗೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ವ್ಯಾನಿಗೆ ತಿಂಗಳಿಗೆ 24,000 ರೂಪಾಯಿ ಖರ್ಚು ಎಂದುಕೊಳ್ಳಿ. 16 ಮಕ್ಕಳನ್ನು ತುಂಬಿದರೆ ತಲೆಗೆ 1,500. ಎಂಟೇ ಮಕ್ಕಳಾದರೆ 3,000. ಹೌದು, ಡಬಲ್! ಆದರೆ ಅದೇ ವ್ಯಾನ್ ಎರಡು ಟ್ರಿಪ್ ಹೊಡೆದರೆ? ಸಾಲದ ಕಂತು, ವಿಮೆ ಹೆಚ್ಚಾಗುವುದಿಲ್ಲ. ಇಂಧನಕ್ಕೆ, ಚಾಲಕರ ಸಂಬಳಕ್ಕೆ ಇನ್ನೂ 6,000 ಸೇರಿಸಿದರೂ 16 ಮಕ್ಕಳಿಗೆ ತಲೆಗೆ 1,875. ಏರಿದ್ದು 375 ರೂಪಾಯಿ.

ಹಾಗಂತ ಇದು ಪುಕ್ಕಟೆಯಲ್ಲ. ಬೈಂದೂರಿನ ಒಳಊರುಗಳಲ್ಲಿ ಮನೆಗಳು ದೂರದೂರ, ಮೊದಲ ಟ್ರಿಪ್ಪಿನ ಮಗು ಬೇಗ ಏಳಬೇಕು. ಆ 375 ಕೊಡಲಾಗದ ಅಪ್ಪ ಇಬ್ಬರು ಮಕ್ಕಳನ್ನು ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಕೂರಿಸಿಕೊಂಡು ಹೆದ್ದಾರಿಗಿಳಿದರೆ ಅಪಾಯ ಕಡಿಮೆಯಾಗಲಿಲ್ಲ, ವಾಹನ ಬದಲಿಸಿತು ಅಷ್ಟೆ. ನಿಯಮದ ಖರ್ಚು ಅಂದಾಜು ಮಾಡುವವರು ಇದನ್ನೂ ಬರೆದುಕೊಳ್ಳಬೇಕು.

1,500 ರೂಪಾಯಿಯ ಲೆಕ್ಕದಲ್ಲೂ ಒಂದು ಸಾಲು ಬಿಟ್ಟುಹೋಗಿದೆ: ಎಂಟು ಮಕ್ಕಳ ಜಾಗದಲ್ಲಿ 16 ಮಕ್ಕಳಿದ್ದಾಗ ಒಂದೇ ಡಿಕ್ಕಿಗೆ ಸಿಲುಕುವವರು ಎಷ್ಟು?