ಬಚ್ಚಲಿಗೂ ಒಂದು ಕಿಟಕಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದ ಗೃಹಸ್ಥರಿಲ್ಲ. ಮನೆ ಕಟ್ಟುವಾಗ ತಲೆಬಾಗಿಲು ಯಾವ ದಿಕ್ಕಿಗಿರಬೇಕು, ದೇವರ ಜಗುಲಿ ಎಲ್ಲಿ ಬರಬೇಕು, ಅಡುಗೆಯ ಒಲೆ ಯಾವ ಮೂಲೆಗಿರಬೇಕು ಎಂದು ಮನೆಯವರೆಲ್ಲ ಕೂಡಿ ವಿಚಾರಿಸುತ್ತಾರೆ, ಹಿರಿಯರನ್ನು ಕೇಳುತ್ತಾರೆ, ಗವಂಡಿಯೊಡನೆ ವಾದಿಸುತ್ತಾರೆ. ಬಚ್ಚಲಮನೆಯ ಮಾತು ಬಂದಾಗ ಮಾತ್ರ ‘ಉಳಿದ ಜಾಗದಲ್ಲಿ ಮಾಡಿಬಿಡಪ್ಪ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಉಳಿದ ಜಾಗದ ನಾಲ್ಕು ಗೋಡೆಗಳಲ್ಲಿ ಒಂದು ಕಿಟಕಿ ಇರಬೇಕೆ, ಬೇಡವೆ ಎಂದು ಕೇಳುವವರೇ ವಿರಳ. ಈ ತಿಂಗಳು ನಾವು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಬಚ್ಚಲಿನ ಕಿಟಕಿಯೂ ಚಿಂತನೆಗೆ ವಸ್ತುವೇ ಎಂದು ಓದುಗ ಬಂಧುಗಳು ಹುಬ್ಬೇರಿಸದಿರಲಿ. ಇದು ಪ್ರಾಣದ ಪ್ರಶ್ನೆ. ಮಾನದ ಪ್ರಶ್ನೆಯೂ ಹೌದು. ಇವೆರಡನ್ನೂ ಕಾಯುವುದು ಗೃಹಸ್ಥಧರ್ಮದ ಮೊದಲ ಮೆಟ್ಟಿಲು.

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಅಲ್ಲಿಯ ಬಚ್ಚಲು ನೆನಪಿರಬೇಕು. ಹಿತ್ತಲಿನಲ್ಲಿ ಇಲ್ಲವೆ ಅಡುಗೆಮನೆಯ ಮಗ್ಗುಲಿಗೆ ಫರಸಿ ಹಾಸಿದ ಒಂದು ಚಿಕ್ಕ ಜಾಗ. ಮೂಲೆಯ ಒಲೆಯ ಮೇಲೆ ತಾಮ್ರದ ಹಂಡೆ. ಕೆಲವು ಮನೆಗಳಲ್ಲಿ ಬಂಬ. ಅದರ ಕೆಳಗೆ ಕುಳ್ಳು, ತೊಗರಿಕಟ್ಟಿಗೆ, ಕಬ್ಬಿನ ರವದಿ, ಸಿಕ್ಕಿದ್ದೇ ಉರುವಲು. ಜಳಕದ ಮನೆಗೆ ಹೆಸರಿಗೊಂದು ಕಿಟಕಿ ಇಲ್ಲದಿದ್ದರೂ ಹಂಚಿನ ಸಂದುಗಳಿದ್ದವು. ಮಾಳಿಗೆಯ ಮನೆಯಾದರೆ ಬೆಳಕಿಂಡಿ ಇತ್ತು. ಬಾಗಿಲು ಗೋಡೆಗೆ ಸರಿಯಾಗಿ ಕೂಡುತ್ತಿರಲಿಲ್ಲ. ಒಲೆ ಹೊಗೆಯಾಡಿದರೆ ಕಣ್ಣುರಿಯುತ್ತಿತ್ತು, ಕೆಮ್ಮು ಬರುತ್ತಿತ್ತು, ಒಳಗಿದ್ದವರು ತಾವಾಗಿಯೇ ಬಾಗಿಲು ತೆರೆಯುತ್ತಿದ್ದರು. ಆ ಹೊಗೆ ಪೀಡೆಯೇನೋ ನಿಜ. ಆದರೆ ಅದು ತನ್ನ ಬರವನ್ನು ತಾನೇ ಸಾರುತ್ತಿತ್ತು.

ನಮ್ಮ ಹಿರಿಯರು ಬಚ್ಚಲನ್ನು ಹೀನವೆಂದು ಬಗೆದವರಲ್ಲ. ದೀಪಾವಳಿಯ ನೀರು ತುಂಬುವ ಹಬ್ಬವನ್ನು ನೆನೆಯಿರಿ. ಅಂದು ಬಚ್ಚಲನ್ನು ತೊಳೆದು, ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆಯಾದರೂ ಪೂಜೆಗೊಳ್ಳುವ ಆ ಸ್ಥಳವನ್ನು ಕಟ್ಟುವಾಗ ನಾವೇಕೆ ಅಲಕ್ಷಿಸಬೇಕು?

ಈಗಿನ ಮನೆಗಳ ರೀತಿ ಬೇರೆ. ಪೇಟೆಯ ನಿವೇಶನಗಳು ಕಿರಿದು. ಒಬ್ಬರ ಗೋಡೆಗೆ ಮತ್ತೊಬ್ಬರ ಗೋಡೆ ಅಂಟಿರುತ್ತದೆ. ಮೇಲೆ ಸಿಮೆಂಟಿನ ಗಚ್ಚು, ಕೆಳಗೆ ನುಣುಪು ಕಲ್ಲು, ಬಿಗಿಯಾಗಿ ಕೂಡುವ ಬಾಗಿಲು. ಹಂಚಿನ ಸಂದೂ ಇಲ್ಲ, ಬೆಳಕಿಂಡಿಯೂ ಇಲ್ಲ. ಹಂಡೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಗುಂಡಿ ತಿರುಗಿಸಿದೊಡನೆ ಬಿಸಿನೀರು ಬರುತ್ತದೆ. ಹೊಗೆಯಿಲ್ಲ, ಮಸಿಯಿಲ್ಲ, ಊದುವ ಕಷ್ಟವಿಲ್ಲ. ಹೆಣ್ಣುಮಕ್ಕಳ ದುಡಿತ ಇದರಿಂದ ಎಷ್ಟೋ ಕಡಿಮೆಯಾಗಿದೆ. ಅದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಹೊಗೆ ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲವೆಂದು ತಿಳಿಯಲಾಗದು.

ಉರಿ ಯಾವುದೇ ಇರಲಿ, ಅದಕ್ಕೆ ಪ್ರಾಣವಾಯು ಬೇಕು. ಸಾಮಾನ್ಯ ಗ್ಯಾಸ್ ಗೀಸರ್ ತನಗೆ ಬೇಕಾದ ಗಾಳಿಯನ್ನು ತಾನಿರುವ ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ಉರಿದ ಗಾಳಿಯನ್ನು ಅಲ್ಲಿಯೇ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಪ್ರಾಣವಾಯು ಕಡಿಮೆಯಾದಂತೆ ಅನಿಲವು ಪೂರ್ತಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಣ್ಣುರಿಸುವುದಿಲ್ಲ, ಕೆಮ್ಮಿಸುವುದಿಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಉಸಿರಿನ ಫಲ ದೇಹಕ್ಕೆ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಬಳಿಕ ಕಾಲುಗಳಲ್ಲಿ ಶಕ್ತಿ ಉಡುಗುತ್ತದೆ, ಮಂಪರು ಕವಿಯುತ್ತದೆ. ಬಾಗಿಲ ಅಗಳಿಯವರೆಗೆ ಕೈ ಚಾಚುವ ತ್ರಾಣವೂ ಉಳಿಯದಿರಬಹುದು. ಹೊರಗಿನವರು ‘ಇನ್ನೂ ಜಳಕ ಮುಗಿದಿಲ್ಲ’ ಎಂದು ಕಾಯುತ್ತ ಕುಳಿತಿರುತ್ತಾರೆ. ನಮ್ಮ ನಾಡಿನ ಪತ್ರಿಕೆಗಳಲ್ಲಿ, ಅದರಲ್ಲಿಯೂ ಚಳಿಗಾಲದಲ್ಲಿ, ಇಂಥ ಸಾವಿನ ಸುದ್ದಿಗಳು ಮತ್ತೆ ಮತ್ತೆ ಬರುತ್ತಿವೆ. ಗಟ್ಟಿಮುಟ್ಟಾದ ತರುಣರೂ ಹೀಗೆ ಪ್ರಾಣ ಬಿಟ್ಟಿದ್ದಾರೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಒಬ್ಬರು ಐದು ನಿಮಿಷ ಸ್ನಾನ ಮಾಡಿ ಹೊರಬಂದರೆ ಏನೂ ಆಗದಿರಬಹುದು. ನರಕ ಚತುರ್ದಶಿಯ ನಸುಕಿನ ಎಣ್ಣೆಸ್ನಾನವನ್ನು ಎಣಿಸಿಕೊಳ್ಳಿರಿ. ಮಕ್ಕಳು, ಗಂಡಸರು, ಬಂದ ಬೀಗರು, ಒಬ್ಬರಾದ ಮೇಲೊಬ್ಬರು ಮೀಯುತ್ತಾರೆ. ಗೀಸರು ಗಂಟೆಗಟ್ಟಲೆ ಉರಿಯುತ್ತದೆ. ಹೊರಗೆ ಚಳಿಯೆಂದು ಬಾಗಿಲು ಭದ್ರ. ಎಲ್ಲರಿಗೂ ಎಣ್ಣೆ ಹಚ್ಚಿ, ಎಲ್ಲರಿಗೂ ನೀರು ಹಾಕಿ, ಕಟ್ಟಕಡೆಗೆ ಜಳಕಕ್ಕೆ ಹೋಗುವವಳು ಬಹಳ ಮನೆಗಳಲ್ಲಿ ಆ ಮನೆಯ ಗೃಹಿಣಿ. ಅಷ್ಟರಲ್ಲಿ ಆ ಕೋಣೆಯ ಗಾಳಿ ಏನಾಗಿರುತ್ತದೆ? ಹಬ್ಬದ ದಿನ ಎಲ್ಲರ ಸುಖವನ್ನು ನೋಡಿದವಳ ಪಾಲಿಗೆ ಆ ಮನೆಯಲ್ಲಿ ಕೆಟ್ಟ ಗಾಳಿ ಉಳಿಯಬಾರದು.

ಬಾಣಂತಿಯ ಕೋಣೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ‘ಗಾಳಿ ತಾಕೀತು’ ಎಂದು ಕಿಟಕಿಗಳನ್ನೆಲ್ಲ ಮುಚ್ಚಿ, ಬಿಸಿನೀರೆರೆದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಆರೈಕೆಯ ಹಿಂದಿನ ಅಂತಃಕರಣ ದೊಡ್ಡದು. ಆದರೆ ಕೆಂಡದಿಂದಲೂ ಅದೇ ವಿಷಾನಿಲ ಹೊರಡುತ್ತದೆ, ಎಳೆಗೂಸೂ ಅದೇ ಗಾಳಿಯನ್ನು ಉಸಿರಾಡುತ್ತದೆ. ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗಂತೂ ಈ ವಿಷದ ಬಾಧೆ ತಾಯಿಗಿಂತ ಹೆಚ್ಚು. ಬೆಚ್ಚಗಿಡುವುದು ಬೇರೆ, ಉಸಿರು ಕಟ್ಟಿಸುವುದು ಬೇರೆ. ಅಜ್ಜಿಯರು, ಸೂಲಗಿತ್ತಿಯರು ಈ ಭೇದವನ್ನು ದಯವಿಟ್ಟು ಮನಗಾಣಬೇಕು.

ಇನ್ನು ಕಿಟಕಿಯನ್ನು ಜನ ಏಕೆ ಬೇಡವೆನ್ನುತ್ತಾರೆ? ಕೇವಲ ಅಜ್ಞಾನದಿಂದಲ್ಲ, ಅದಕ್ಕೆ ಕಾರಣವಿದೆ, ಆ ಕಾರಣವನ್ನು ಗೌರವಿಸಬೇಕು. ನಮ್ಮ ಸೀಮೆಯ ಬಡ ಹೆಣ್ಣುಮಕ್ಕಳಿಗೆ ಮರೆಯಲ್ಲಿ ಮೀಯುವುದೇ ಬಹುಕಾಲ ದೊರೆಯದ ಭಾಗ್ಯವಾಗಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದಿನವಿಡೀ ಘಾಟು ಧೂಳಿನಲ್ಲಿ ದುಡಿದು ಬಂದ ತಾಯಂದಿರಿಗೆ ಜಳಕವು ಸುಖವಲ್ಲ, ಅಗತ್ಯ. ಆದರೂ ಎಷ್ಟೋ ಜನ ಹಳೆಯ ಸೀರೆಯೊಂದನ್ನು ಕಟ್ಟಿದ ಮರೆಯಲ್ಲಿ, ಬೆಳಕು ಹರಿಯುವ ಮುನ್ನ ಮೈ ತೊಳೆದುಕೊಂಡವರು. ಕಬ್ಬು ಕಡಿಯಲು ಬರುವ ಗುಂಪುಗಳ ಹೆಣ್ಣುಮಕ್ಕಳು ರವದಿಯ ಗುಡಿಸಲುಗಳ ಹಿಂದೆ ಹಾಗೆಯೇ ಮೀಯುತ್ತಾರೆ. 2005, 2019 ಮತ್ತು 2021ರಲ್ಲಿ ಕೃಷ್ಣೆಗೆ ಮಹಾಪೂರ ಬಂದು, ದೂಧಗಂಗಾ ವೇದಗಂಗಾ ನದಿಗಳೂ ಉಕ್ಕಿದಾಗ, ತೀರದ ಊರುಗಳವರು ಮನೆ ಬಿಟ್ಟು ಆಸರೆಯ ಶಾಲೆಗಳಲ್ಲಿ ದಿನ ಕಳೆಯಬೇಕಾಯಿತು. ಅಲ್ಲಿ ಅನ್ನ ಬಂತು, ಹೊದಿಕೆ ಬಂತು; ಹೆಣ್ಣುಮಕ್ಕಳಿಗೆ ಮರೆಯಾದ ಒಂದು ಬಚ್ಚಲು ಸುಲಭವಾಗಿ ಬರಲಿಲ್ಲ. ಇಂಥ ಅನುಭವವುಳ್ಳವರು ತಮ್ಮದೆಂಬ ನಾಲ್ಕು ಗೋಡೆ ಸಿಕ್ಕಾಗ ‘ಕಿಟಕಿ ಬೇಡ’ ಎಂದರೆ ಅದು ತಪ್ಪೆನ್ನಲು ನಾವು ಯಾರು?

ಈಗಂತೂ ಕೈಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲುಗಳಿವೆ; ಅಂಜಿಕೆ ಇಮ್ಮಡಿಯಾಗಿದೆ. ಮೀಯುವ ಹೆಣ್ಣನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಘೋರ ಅಪರಾಧ. 2013ರಲ್ಲಿ ಇದು ಪ್ರತ್ಯೇಕ ಅಪರಾಧವಾಗಿ ದಂಡಸಂಹಿತೆಗೆ ಸೇರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಮೊದಲ ಬಾರಿಯ ತಪ್ಪಿಗೇ 1ರಿಂದ 3 ವರ್ಷಗಳ ಸೆರೆವಾಸ ಮತ್ತು ದಂಡವುಂಟು. ಗೋಡೆಯಾಚೆ ಇಣುಕುವ ಮಗನನ್ನು ತಿದ್ದಬೇಕೇ ಹೊರತು ಗೋಡೆಯೊಳಗಿನ ಮಗಳ ಉಸಿರನ್ನು ಕಟ್ಟಬಾರದು. ಮಾನಕ್ಕಾಗಿ ಕಿಟಕಿಯನ್ನು ಮುಚ್ಚುವುದು ಬೇಡ, ಕಿಟಕಿಯನ್ನು ಎತ್ತರಿಸೋಣ.

ಜಾಗವೇ ಇಲ್ಲ, ಎಲ್ಲಿಯ ಕಿಟಕಿ ಎನ್ನುವವರಿಗೆ ದೂರದೇಶದ ಒಂದು ದೃಷ್ಟಾಂತ ಹೇಳುತ್ತೇವೆ. ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ ನೀಳವಾದ ದೋಣಿಗಳನ್ನೇ ಮನೆ ಮಾಡಿಕೊಂಡು ಬದುಕುವ ಜನರಿದ್ದಾರೆ. ಅಲ್ಲಿಯ ಕಾಲುವೆಯ ಕಟ್ಟೆಬಾಗಿಲುಗಳು ಇಕ್ಕಟ್ಟಾದುದರಿಂದ ದೋಣಿಯ ಅಗಲ 7 ಅಡಿಯನ್ನು ಮೀರುವಂತಿಲ್ಲ. ಉದ್ದ ಮಾತ್ರ 70 ಅಡಿಯವರೆಗೂ ಇರಬಹುದು. ಅಷ್ಟರಲ್ಲಿಯೇ ಅಡುಗೆ, ಮಲಗುವ ಜಾಗ, ಒಬ್ಬರು ನಿಲ್ಲುವಷ್ಟು ಬಚ್ಚಲು. ಆ ಬಚ್ಚಲಿಗೆ ಕಿಟಕಿ ಬೇಕೆ ಎಂಬ ಚರ್ಚೆ ಅವರಲ್ಲಿಯೂ ಉಂಟು. ದಂಡೆಯ ಮೇಲೆ ನಡೆಯುವವರಿಗೆ ಒಳಗು ಕಾಣುತ್ತದೆಂಬುದು ಒಂದು ಕಡೆ; ಕಬ್ಬಿಣದ ಗೋಡೆಯ ಮೇಲೆ ಹಬೆ ಇಳಿದು ಬೂಸುರು ಬೆಳೆಯುತ್ತದೆಂಬುದು ಇನ್ನೊಂದು ಕಡೆ. ಮಸುಕು ಗಾಜು, ಮೇಲಂಚಿನಲ್ಲಷ್ಟೇ ತೆರೆಯುವ ಕದ, ಚಾವಣಿಯ ಗಾಳಿಗಂಡಿ, ಹೀಗೆ ಒಬ್ಬೊಬ್ಬರು ಒಂದೊಂದು ದಾರಿ ಕಂಡುಕೊಂಡಿದ್ದಾರೆ. 2019ರ ಏಪ್ರಿಲಿನಿಂದ ಅಲ್ಲಿ ಜನವಾಸದ ದೋಣಿಗಳಲ್ಲಿ ಕಾರ್ಬನ್ ಮೊನಾಕ್ಸೈಡನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರವನ್ನು ಕಡ್ಡಾಯ ಮಾಡಿದ್ದಾರೆ. ಏಳಡಿಯ ದೋಣಿಯಲ್ಲಿ ಸಾಧ್ಯವಾದುದು ನೆಲದ ಮೇಲಿನ ಮನೆಯಲ್ಲಿ ಅಸಾಧ್ಯವೆ?

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಬಚ್ಚಲಮನೆಯ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದುಕೊಂಡಿರಬೇಕೆಂದು ಹೇಳುತ್ತದೆ. ಆದುದರಿಂದ ಮನೆ ಕಟ್ಟಿಸುವವರು ಈ ಕೆಲವು ಮಾತುಗಳನ್ನು ಗಮನಿಸಬೇಕು.

ಮೊದಲನೆಯದು: ಕಿಟಕಿಯ ಕೆಳಅಂಚು ನಿಂತವರ ತಲೆಗಿಂತ ಮೇಲಿರಲಿ, ಆರು ಅಡಿಗೆ ಕಡಿಮೆ ಬೇಡ. ಓರೆಯಾಗಿ ಕೂಡಿಸಿದ ಮಸುಕು ಗಾಜಿನ ಪಟ್ಟಿಗಳಿದ್ದರೆ ಗಾಳಿ ಆಡುತ್ತದೆ, ನೋಟ ತೂರುವುದಿಲ್ಲ. ಸೊಳ್ಳೆಗೆ ಜಾಳಿಗೆ ಹಚ್ಚಬಹುದು. ತಗಡು, ರಟ್ಟು, ಗೋಣಿಚೀಲ ತುರುಕಬಾರದು.

ಎರಡನೆಯದು: ಗಾಳಿ ಹೊರಹೋಗಲು ಮೇಲೆ ದಾರಿ ಇದ್ದಂತೆ ಒಳಬರಲು ಕೆಳಗೂ ದಾರಿ ಬೇಕು. ಬಾಗಿಲ ತಳದಲ್ಲಿ ಒಂದಿಷ್ಟು ಸಂದು ಬಿಡಿಸಿರಿ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕೂ ಕೆಳಗಿನ ಸಂದು ಉಪಕಾರಿ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು: ಗ್ಯಾಸ್ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಪಡಸಾಲೆಯಲ್ಲಿಯೋ ಹಿತ್ತಲಿನಲ್ಲಿಯೋ ಇಡಿಸಿರಿ, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಉರಿ ನೀಲಿಯಿರಬೇಕು, ಹಳದಿಯಾದರೆ ಅದು ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿದು ರಿಪೇರಿಯವರನ್ನು ಕರೆಸಿರಿ. ಈಗಾಗಲೇ ಒಳಗೆ ಕೂಡಿಸಿದ್ದರೆ ಅದನ್ನು ಹೊರಗೆ ಸಾಗಿಸುವವರೆಗೆ ಬಕೆಟ್ಟಿಗೆ ನೀರು ತುಂಬಿಕೊಂಡು, ಗೀಸರು ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿದ ಮೇಲೆಯೇ ಸ್ನಾನಕ್ಕೆ ಹೋಗಿರಿ.

ನಾಲ್ಕನೆಯದು: ಯಾರಾದರೂ ಬಚ್ಚಲಿನಲ್ಲಿ ಬವಳಿ ಬಿದ್ದರೆ ಕೂಡಲೇ ಬಾಗಿಲು ತೆರೆದು, ಬೇಕಾದರೆ ಒಡೆದು, ಅವರನ್ನು ಬಯಲಿನ ಗಾಳಿಗೆ ತನ್ನಿರಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ. ‘ಗ್ಯಾಸ್ ಗೀಸರು ಉರಿಯುತ್ತಿತ್ತು’ ಎಂದು ವೈದ್ಯರಿಗೆ ಹೇಳಲು ಮರೆಯಬೇಡಿರಿ. ಪ್ರಾಣವಾಯು ಕೊಡುವುದೇ ಇದಕ್ಕೆ ಮೊದಲ ಚಿಕಿತ್ಸೆ. ಹೀಗೆ ಬಿದ್ದವರನ್ನು ‘ದೆವ್ವ ಬಡಿದಿದೆ’ ಎಂದು ಕೂಡಿಸಿಕೊಳ್ಳುವುದು ಕೊಲೆಗೆ ಸಮಾನ.

ಸೌರ ಒಲೆ, ವಿದ್ಯುತ್ ಗೀಸರುಗಳಲ್ಲಿ ಈ ವಿಷದ ಭಯವಿಲ್ಲ. ಆದರೂ ಹಬೆ ಹೋಗಲು, ಗೋಡೆ ಆರಲು, ವಯಸ್ಸಾದವರು ಜಾರದಂತೆ ನೆಲ ಒಣಗಲು ಅಲ್ಲಿಯೂ ಕಿಟಕಿ ಬೇಕೇ ಬೇಕು.

ಕಾಗವಾಡದಿಂದ ರಾಯಬಾಗದವರೆಗೆ, ನಿಪ್ಪಾಣಿಯಿಂದ ಅಥಣಿಯವರೆಗೆ ಮಹಾಪೂರದಲ್ಲಿ ಮನೆ ಕಳೆದುಕೊಂಡು ಮತ್ತೆ ಕಟ್ಟಿಕೊಂಡವರಿದ್ದಾರೆ, ಇನ್ನೂ ಕಟ್ಟುತ್ತಿರುವವರಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೆ. ನಕಾಶೆ ಬರೆಯುವ ದಿನ ಗಂಡಸರು ಮಾತ್ರ ಕೂಡದೆ ಮನೆಯ ಹೆಣ್ಣುಮಕ್ಕಳನ್ನೂ ಕರೆದು ಕೂಡಿಸಿಕೊಳ್ಳಿರಿ. ಬಚ್ಚಲು ಎಲ್ಲಿರಬೇಕು, ಕಿಟಕಿ ಯಾವ ಗೋಡೆಗೆ, ಎಷ್ಟು ಎತ್ತರಕ್ಕೆ ಬರಬೇಕು ಎಂಬುದನ್ನು ಅವರನ್ನೇ ಕೇಳಿರಿ. ಅಂಜಿಕೆ ಯಾವ ದಿಕ್ಕಿನಿಂದ ಬರುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಮಿಂದು ಮಡಿಯುಟ್ಟು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುವ ಮುನ್ನ ಪ್ರತಿಯೊಬ್ಬ ಶರಣ, ಶರಣೆಯೂ ದಾಟಿ ಬರುವ ಕೋಣೆ ಅದು. ಅಲ್ಲಿಗೆ ಹೋದವರೆಲ್ಲ ನಗುಮುಖದಿಂದ ಪೂಜೆಯ ಮಣೆಗೆ ಬರುವಂತಾಗಲಿ. ಈ ಪುಟವನ್ನು ಓದಿ ಮುಗಿಸಿದವರು ಎದ್ದುಹೋಗಿ ತಮ್ಮ ಮನೆಯ ಬಚ್ಚಲನ್ನು ಒಮ್ಮೆ ನೋಡಿ ಬಂದರೆ ನಾವು ಬರೆದುದು ಸಾರ್ಥಕ.